ಆಯುಧಪೂಜೆಗೆ ಕೂತ ಗಿಟಾರ್ ಡಬ್ಬಿಗಳು

ಮೊನ್ನೆ ಮೊಮ್ಮಗಳು ಬೀರುವಿನ ಅಡಿಯಿಂದ ಒಂದು ಹಳೇ ಕಬ್ಬಿಣದ ಡಬ್ಬಿ ಎಳೆದು ತಂದಳು. ಅವಳಮ್ಮ, ಅಂದರೆ ನನ್ನ ಮಗಳು, ಹುಡುಗಿಯಾಗಿದ್ದಾಗ ಗಿಟಾರಿಗೆ ಸಿಕ್ಕಿಸುತ್ತಿದ್ದ ಡಬ್ಬಿ ಅದು. ಪೆಡಲ್ ಅಂತಾರೆ, ಕಾಲಲ್ಲಿ ಒತ್ತೋದು.

“ಅಜ್ಜಿ, ಈ ತಿರುಪಿನ ಸಂದೀಲಿ ಕೆಂಪಗಿದೆಯಲ್ಲ, ತುಕ್ಕಾ?”

ಕನ್ನಡಕ ಹಾಕ್ಕೊಂಡು ನೋಡಿದೆ. ತುಕ್ಕಲ್ಲ, ಕುಂಕುಮ! ಕೂತಲ್ಲೇ ಕುಲುಕಿ ಕುಲುಕಿ ನಕ್ಕೆ. ಇಷ್ಟು ವರ್ಷ ಆದಮೇಲೂ ಅಲ್ಲೇ ಕೂತಿದೆಯಲ್ಲ! ನಾನು ಓದಿದ್ದು ಕಮ್ಮಿ, ಬರೆದದ್ದು ಅಂದ್ರೆ ಅಂಗಡಿ ಚೀಟಿ. ಆದರೆ ಇದನ್ನ ಬರೆಯದೆ ಹೋದರೆ ಈ ಖುಷಿಗೆ ನನ್ನ ಹೊಟ್ಟೆ ಒಡೆದುಹೋಗುತ್ತೆ.

ನಾವು ಹಾಸನದ ಕಡೆಯವರು. ನನ್ನವರು ಬ್ಯಾಂಕಿನಲ್ಲಿ ಗುಮಾಸ್ತರು. ಎಂಬತ್ತರ ದಶಕದ ಕೊನೇಲಿ ವರ್ಗ ಆಗಿ ವಿಶಾಖಪಟ್ಟಣಕ್ಕೆ ಬಂದಿದ್ವಿ. ಪಕ್ಕದ ಮನೆಯವರು ನೌಕಾಪಡೆಯವರು, ಕಾರವಾರದವರು, ಹಡಗಿನಲ್ಲಿ ರೇಡಿಯೋ ಕೆಲಸ. ಸಂಜೆ ಜಗಲಿ ಮೇಲೆ ಕೂತು ಗಿಟಾರ್ ಬಾರಿಸೋರು. ನನ್ನ ಮಗಳು ಅವರ ಬೆರಳು ನೋಡಿ ನೋಡಿಯೇ ಕಲಿತುಬಿಟ್ಟಳು. ಅವರಿಗೆ ಮುಂಬೈಗೆ ವರ್ಗ ಆದಾಗ ಗಿಟಾರು, ಸ್ಪೀಕರ್ ಪೆಟ್ಟಿಗೆ, ಮೂರು ಪೆಡಲ್ ಎಲ್ಲಾ ಅವಳಿಗೇ ಕೊಟ್ಟು ಹೋದರು. ಒಂದು ಡಬ್ಬಿ ಒತ್ತಿದರೆ ಸ್ವರ ಗುರ್ರ್ ಅನ್ನೋದು. ಇನ್ನೊಂದು ಒತ್ತಿದರೆ ನೀರಲ್ಲಿ ನೆರಳು ಅಲುಗಿದ ಹಾಗೆ ತೂಗಾಡೋದು. ಮೂರನೆಯದು ಎಕೋ. ಒಂದು ಸಲ ಮೀಟಿದರೆ ಅದೇ ಸ್ವರ ಹಿಂದೆ ಹಿಂದೆ ಬರೋದು, ಗುಡ್ಡದ ಹತ್ತಿರ ನಿಂತು ಕೂಗಿದ ಹಾಗೆ.

ನನ್ನವರಿಗೆ ಇದು ಹಿಡಿಸಲಿಲ್ಲ. “ವಾದ್ಯ ಅಂದ್ರೆ ಸರಸ್ವತಿ. ಅದನ್ನ ಕಾಲಲ್ಲಿ ತುಳೀತಾರೇನೇ?”

“ಅಮ್ಮನ ಹೊಲಿಗೆ ಮೆಷಿನ್ನೂ ತುಳಿಯೋದೇ ಅಲ್ವಾಪ್ಪ?” ಅಂದಳು ಮಗಳು.

“ಅದು ಹಾಡುತ್ತಾ?”

“ಎಣ್ಣೆ ಬಿಡದಿದ್ರೆ ಹಾಡುತ್ತೆ” ಅಂದೆ ನಾನು. ಅವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ನಕ್ಕಿದ್ದು ನನಗೆ ಗೊತ್ತಾಯ್ತು.

ಯುಗಾದಿಗೆ ಅಲ್ಲಿನ ಕನ್ನಡದವರೆಲ್ಲ ಸೇರಿದ್ವಿ. ಮಗಳು ಒಂದು ದಾಸರ ಪದ ಬಾರಿಸ್ತೀನಿ ಅಂತ ಕೂತಳು. ಹುರುಪಿಗೆ ಮೂರು ಡಬ್ಬೀನೂ ಒಟ್ಟಿಗೆ ಒತ್ತಿಬಿಟ್ಟಳು. ಅಯ್ಯೋ! ಗುರ್ರ್ ಅನ್ನೋದು ತೂಗಾಡ್ತಾ, ತೂಗಾಡಿದ್ದು ಮತ್ತೆ ಮತ್ತೆ ಬರ್ತಾ, ಪದ ಎಲ್ಲಿ ಮುಳುಗಿತೋ ದೇವರಿಗೇ ಗೊತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ, “ಮಗೂ, ಮಿಕ್ಸಿ ನಿಂತಮೇಲೆ ಹಾಡು ಶುರು ಮಾಡ್ತೀಯಾ?” ಅಂದರು. ಜನ ನಕ್ಕರು. ನನ್ನವರ ಕಿವಿ ಕೆಂಪಗಾಯ್ತು.

ಆ ವರ್ಷವೇ ವಿಜಯವಾಡಕ್ಕೆ ವರ್ಗ. ಗವರ್ನರ್‌ಪೇಟೆಯಲ್ಲಿ ಮಹಡಿ ಮೇಲೊಂದು ಮನೆ. ಕೆಳಗೆ ಆಟೋಗಳ ಗಲಾಟೆ. ಸಾಮಾನು ಬಿಚ್ಚುವಾಗ ಗಿಟಾರ್ ನೋಡಿ ನನ್ನವರು ಮಗಳನ್ನ ಕರೆದರು. “ದಸರಾಕ್ಕೆ ಇಲ್ಲೂ ನಮ್ಮವರು ಸೇರ್ತಾರಂತೆ. ಅದೇ ಪದ ಅಲ್ಲಿ ಬಾರಿಸು. ಕೂತವರು ಇಂಥ ಪದ ಅಂತ ಗುರುತು ಹಿಡಿದರೆ ಗಿಟಾರ್ ನಿಂದು. ಹಿಡೀದಿದ್ರೆ ಯಾರಿಗಾದರೂ ಕೊಟ್ಟುಬಿಡೋಣ, ಆಯ್ತಾ?”

ಮಗಳು ಗಿಟಾರನ್ನ ಎದೆಗೆ ಅವಚಿಕೊಂಡು ಒಳಗೆ ಹೋದಳು.

ಅವತ್ತಿಂದ ಶುರುವಾಯ್ತು ನೋಡಿ ಪರೀಕ್ಷೆ. ನಾನು ಗೋಂಗೂರ ಸೊಪ್ಪು ಬಿಡಿಸ್ತಾ ಕೂತರೆ, “ಅಮ್ಮ, ಕಣ್ಣು ಮುಚ್ಕೋ. ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?” ಅನ್ನೋಳು. ಒಂದು ಸಲ ತಂತಿ ಘಲ್ ಅಂತ ಕೇಳೋದು. ಇನ್ನೊಂದು ಸಲ ಅದೇ ಸ್ವರದ ಮೇಲೆ ಟವೆಲ್ ಹೊದಿಸಿದ ಹಾಗಿರೋದು.

“ಈಗ ಯಾವ ಡಬ್ಬಿ ಒತ್ತಿದ್ದೆ?” ಅಂತ ಕೇಳಿದೆ.

“ಯಾವುದೂ ಒತ್ತಿಲ್ಲಮ್ಮ, ಮೂರೂ ಆಫ್. ಆದ್ರೂ ಸೌಂಡು ಅವುಗಳ ಒಳಗೇ ಹಾದು ಬರಬೇಕಲ್ಲ. ವೈರೂ ಉದ್ದ. ಹಾಯ್ತಾ ಹಾಯ್ತಾ ಮೇಲಿನ ತೆಳು ನಾದ ಸೋರಿಹೋಗುತ್ತೆ.”

ಎಷ್ಟು ಚೆನ್ನಾಗಿ ಅರ್ಥವಾಯ್ತು ಗೊತ್ತಾ ನನಗೆ! ಬಿಸಿ ಸಾರನ್ನ ಪಾತ್ರೆಯಿಂದ ಪಾತ್ರೆಗೆ ಬಗ್ಗಿಸ್ತಾ ಹೋದರೆ ಸಾರು ಅಷ್ಟೇ ಇರುತ್ತೆ, ಘಮ ಮಾತ್ರ ಇರೋದಿಲ್ಲ. ಇನ್ನೂ ಏನೇನೋ ಕಂಡುಹಿಡಿದಳು. ಎಕೋ ಮೊದಲಿಟ್ಟು ಗುರ್ರ್ ಡಬ್ಬಿ ಆಮೇಲಿಟ್ಟರೆ ಬರೀ ಕಲಸುಮೇಲೋಗರ, ತಿರುಗಿಸಿ ಇಟ್ಟರೆ ಪದ ನೆಟ್ಟಗೆ ಕೇಳುತ್ತೆ. ಡಬ್ಬಿಗಳನ್ನ ಗೋಡೆ ಕರೆಂಟಿಗೆ ಸಿಕ್ಕಿಸಿದರೆ ಗುಂಯ್ ಅನ್ನೋ ಸದ್ದು ಜೊತೆಗೇ ಬರುತ್ತೆ, ಬ್ಯಾಟರಿ ಹಾಕಿದರೆ ಇಲ್ಲ. ಕೆಳಗಿನ ಮನೆಯ ತೆಲುಗಿನಮ್ಮ ಮೊದಮೊದಲು “ಏಮಿಟಮ್ಮಾ ಈ ಗೋಲ!” ಅಂತ, ಏನಮ್ಮಾ ಈ ಗಲಾಟೆ ಅಂತ, ಮೆಟ್ಟಿಲ ಹತ್ತಿರ ಬಂದು ಕೂಗೋರು. ಆಮೇಲಾಮೇಲೆ ಮಜ್ಜಿಗೆ ಲೋಟ ಹಿಡಿದು ಮೇಲೇ ಬಂದು ಕೂರೋರು.

ನನ್ನವರು, ಮಗಳು ಬಾರಿಸೋವಾಗ ಹಜಾರದಲ್ಲಿ ಕೂತು ಪೇಪರ್ ಓದೋರು, ಪುಟ ಮಾತ್ರ ಮಗುಚ್ತಿರಲಿಲ್ಲ.

ನವಮಿ ಬಂತು. ನಾನು ಅಡುಗೆಮನೆಯಿಂದ ಬರೋ ಹೊತ್ತಿಗೆ ಹಜಾರದಲ್ಲಿ ಸಾಲಾಗಿ ನನ್ನ ಈಳಿಗೆಮಣೆ, ಹೊಲಿಗೆ ಮೆಷಿನ್ನು, ಅವರ ಸ್ಕ್ರೂಡ್ರೈವರು. ಅದರ ಪಕ್ಕದಲ್ಲಿ ಮಣೆ ಮೇಲೆ ಗಿಟಾರು, ಮೂರು ಡಬ್ಬಿ! ಅವರೇ ಗಂಧ ತೇದು ಧಾರಾಳವಾಗಿ ಬಳಿದಿದ್ದರು, ಕುಂಕುಮ ಇಟ್ಟಿದ್ದರು, ಸೇವಂತಿಗೆ ಏರಿಸಿದ್ದರು. ನಾನೂ ಮಗಳೂ ಮುಖ ಮುಖ ನೋಡಿಕೊಂಡ್ವಿ. ವಾದ್ಯವನ್ನ ಕಾಲಲ್ಲಿ ತುಳೀತಾರೇನೇ ಅಂದಿದ್ದ ಮನುಷ್ಯ! ಮಗಳ ಕಣ್ಣು ತುಂಬಿತು. ಬೇಡ ಅನ್ನೋಕೆ ನಮಗೆ ಬಾಯಾದರೂ ಹೇಗೆ ಬಂದೀತು?

ಮಂಗಳಾರತಿ ಆಯ್ತು. ಕೆಳಗೆ ಸ್ಕೂಟರ್ ಚಕ್ರಕ್ಕೆ ನಿಂಬೆಹಣ್ಣಿಟ್ಟು ಹತ್ತಿಸಿ ಬಂದರು. ಆಮೇಲೆ ಒಂದೊಂದು ಡಬ್ಬಿ ಮೇಲೂ ಒಂದೊಂದು ನಿಂಬೆಹಣ್ಣಿಟ್ಟು, “ಹೂಂ, ತುಳಿ” ಅಂದರು.

“ಅಪ್ಪಾ, ಇದರ ಮೇಲಾ?”

“ಗಾಡೀಲಿ ಚಕ್ರ ತುಳಿಯುತ್ತೆ, ಇದರಲ್ಲಿ ನಿನ್ನ ಕಾಲು ತುಳಿಯುತ್ತೆ. ದೃಷ್ಟಿ ಹೋಗಲಿ, ತುಳಿಯಮ್ಮಾ.”

ತುಳಿದಳು. ಪಚಕ್! ರಸ ಗುಂಡಿಗಳ ಸುತ್ತ ಇಳಿಯಿತು. ಬಟ್ಟೇಲಿ ಒರೆಸಿದ್ವಿ. ಪೂಜೆಗೆ ಕೂತದ್ದನ್ನ ಅವತ್ತು ಬಳಸಬಾರದು, ಅದಕ್ಕೆ ಬಾರಿಸಿ ನೋಡಲಿಲ್ಲ. ಮಾರನೇ ದಿನ ಹಗಲೆಲ್ಲ ನಮ್ಮ ಬೀದಿಗೇ ಕರೆಂಟಿಲ್ಲ, ಸ್ಪೀಕರ್ ಪೆಟ್ಟಿಗೆ ಹಾಕೋ ಹಾಗಿರಲಿಲ್ಲ.

ದಶಮಿ ಸಂಜೆ ಸಭೆ. ಮಗಳು ಮೊದಲ ತಂತಿ ಮೀಟಿದಳು. ಪಟಪಟ, ಚರಚರ, ಬಾಣಲೆಗೆ ನೀರು ಬಿದ್ದ ಹಾಗೆ. ಸ್ವರ ಬಂತು, ಹೋಯ್ತು, ಮತ್ತೆ ಬಂತು. ವೈರು ಸಿಕ್ಕಿಸೋ ತೂತಿನಲ್ಲಿ ಗಂಧ, ಒಳಗೆಲ್ಲ ನಿಂಬೆರಸ! ಸಭೇಲಿ ಗುಸುಗುಸು. ನನ್ನವರು ಅರ್ಧ ಎದ್ದು ನಿಂತಿದ್ದರು. “ನಾನೇ ಕೆಡಿಸಿದೆನಲ್ಲೇ” ಅಂದರು ನನ್ನ ಕಡೆ ನೋಡದೆ.

ಮಗಳು ಬಗ್ಗಿ ಮೂರೂ ಡಬ್ಬಿಯ ವೈರು ಕಿತ್ತಳು. ಅವನ್ನ ನಿಧಾನವಾಗಿ ಪಕ್ಕಕ್ಕೆ ಸರಿಸಿ ಕಣ್ಣಿಗೊತ್ತಿಕೊಂಡಳು. ಗಿಟಾರಿನ ವೈರನ್ನ ನೇರ ಪೆಟ್ಟಿಗೆಗೇ ಸಿಕ್ಕಿಸಿ ಮೀಟಿದಳು.

ಏನು ಹೇಳಲಿ! ತೊಳೆದಿಟ್ಟ ಬೆಳ್ಳಿಲೋಟದ ಹಾಗೆ ಬಂತು ಸ್ವರ. ಎರಡನೇ ಸಾಲಿಗೆ ಹಿಂದಿನಿಂದ ಯಾರೋ ಹೆಂಗಸು ದನಿ ಕೂಡಿಸಿದರು. ಆಮೇಲೆ ಮುಂದಿನವರು, ಆಮೇಲೆ ಸಭೆಯೇ. ಊರು ಬಿಟ್ಟು ಬಂದ ಅಷ್ಟೂ ಜನ ಕಣ್ಣು ಮುಚ್ಚಿಕೊಂಡು ಹಾಡ್ತಿದ್ದಾರೆ! ಪಕ್ಕಕ್ಕೆ ತಿರುಗಿ ನೋಡಿದರೆ ನನ್ನವರ ತುಟೀನೂ ಅಲುಗ್ತಿತ್ತು.

ಮನೆಗೆ ಬಂದವರೇ ನನ್ನವರು ಅಂಗಿ ಕೂಡ ಬಿಚ್ಚದೆ ಹಜಾರದಲ್ಲಿ ಕೂತರು. ಪೊರಕೆಕಡ್ಡಿಗೆ ಹತ್ತಿ ಸುತ್ತಿ ಡಬ್ಬಿಗಳ ತೂತು ಒರೆಸೋಕೆ ಶುರು ಮಾಡಿದರು. ಎರಡು ಉಳಿಯಲಿಲ್ಲ, ಎಕೋ ಉಳೀತು. ಈಗ ಮೊಮ್ಮಗಳು ಒಳಗಿನ ಕೋಣೇಲಿ ಗಿಟಾರಿಗೆ ಸಿಕ್ಕಿಸಿ ಬಾರಿಸ್ತಿರೋದು ಅದನ್ನೇ. ನಾನು ಬರೀತಿರೋ ಟೇಬಲ್ಲಿನ ತನಕ ಬರ್ತಿದೆ ನೋಡಿ ಆ ಸ್ವರ, ಹಿಂದೆ ಹಿಂದೆ, ಹಿಂದೆ ಹಿಂದೆ.

ಮೊನ್ನೆ ಇಷ್ಟೂ ಕಥೆ ಕೇಳಿ, “ಗಿಟಾರ್ ಇಟ್ಕೋ ಅಂತ ತಾತ ಆಮೇಲಾದರೂ ಬಾಯಿಬಿಟ್ಟು ಹೇಳಿದ್ರಾ ಅಜ್ಜಿ?” ಅಂತ ಕೇಳಿದಳು.

ಹೇಳಿದರು. ಹತ್ತಿ ತಿರುಗಿಸ್ತಾ, ತಲೆ ಎತ್ತದೆ, ಅವಳಮ್ಮನಿಗೆ ಹೇಳಿದರು: “ಮುಂದಿನ ವರ್ಷದಿಂದ ನಿಂಬೆಹಣ್ಣು ಸ್ಕೂಟರಿಗೆ ಮಾತ್ರ. ಇವಕ್ಕೆ ಹೂವು ಸಾಕು.”