ಕೋಲ್ಮಾರ್ ದಾರಿಗೆ ಬೇಕಾಗಿದ್ದ ಅಣ್ಣ

ಕೃಷ್ಣಪ್ರಸಾದರು ಫೋನಿನಲ್ಲಿ ‘ಅಣ್ಣಾ’ ಅಂದಾಗಲೇ ಅಡಿವೆಪ್ಪನ ಕಿವಿ ನೆಟ್ಟಗಾಯಿತು. ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ಕನ್ನಡದವರ ಯುಗಾದಿ, ದೀಪಾವಳಿಗಳಲ್ಲಿ ಎದುರಾದಾಗಲೆಲ್ಲ ಆ ಮನುಷ್ಯನ ಬಾಯಿಂದ ಬಂದದ್ದು ‘ಮಿಸ್ಟರ್ ಅಡಿವೆಪ್ಪ’ ಮಾತ್ರ. ಅವರು ಬೆಂಗಳೂರಿನವರು, ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ ದೊಡ್ಡ ಕುರ್ಚಿ. ಅಡಿವೆಪ್ಪ ಸಿಂದಗಿ ಕಡೆಯವನು, ಶಾಲೆ ಮಕ್ಕಳ ಮಿನಿಬಸ್ ಓಡಿಸುತ್ತಾನೆ. ಹಬ್ಬದ ಊಟದ ಸಾಲಿನಲ್ಲಿ ಒಂದು ನಗು, ಅಷ್ಟೇ ಬಳಕೆ.

“ಅಣ್ಣಾ, ಮೇ ರಜದಲ್ಲಿ ಒಂದು ರೋಡ್ ಟ್ರಿಪ್. ಜರ್ಮನಿಯ ಫ್ರೈಬುರ್ಗ್‌ನಿಂದ ಫ್ರಾನ್ಸಿನ ಕೋಲ್ಮಾರ್‌ಗೆ. ಕಾಡು, ನದಿ, ದ್ರಾಕ್ಷಿ ತೋಟ, ಹಳೇ ಕಾಲದ ಮನೆಗಳು. ನಾವಿಬ್ಬರು, ಶಿಶಿರ್ ಮತ್ತೆ ಅವನ ಹೆಂಡತಿ, ನೀವಿಬ್ಬರು. ಬರಲ್ಲ ಅನ್ನೋ ಹಾಗೇ ಇಲ್ಲ.”

ಫೋನಿಟ್ಟ ಅಡಿವೆಪ್ಪ ಹೆಂಡತಿಯ ಕಡೆ ತಿರುಗಿದ. “ಇದ್ರಾಗ ಏನೋ ಐತಿ.”

“ಏನೈತಿ?” ಸುಶೀಲಾಬಾಯಿ ರೇಗಿದಳು. “ಕರದಾರ, ಹೋಗೂಣು. ಯಾರರ ನಕ್ಕರ ಸಾಕು, ಅವರ ಹಲ್ಲ ಎಣಿಸೂ ಚಟ ನಿಮಗ.”

ಆಕೆಗೆ ಹೋಗಬೇಕಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವವಳು. ಲಂಡನ್ನಿಗೆ ಬಂದು ಇಷ್ಟು ವರ್ಷವಾದರೂ ಕಡಲಾಚೆಯ ದಡ ನೋಡಿಲ್ಲ. ರಜೆ ಅಂದರೆ ಊರು. ಊರು ಅಂದರೆ ಯಾರದೋ ಮದುವೆ, ಯಾರದೋ ತೊಟ್ಟಿಲು, ಮತ್ತೆ ಅದೇ ಒಲೆ. ಒಂದು ಸಲವಾದರೂ ಕುರ್ಚಿಯ ಮೇಲೆ ಕೂತು, ಬೇರೆ ಯಾರೋ ತಂದಿಟ್ಟ ಊಟವನ್ನು ಬಿಸಿಯಾಗಿ ತಿನ್ನಬೇಕೆನ್ನುವುದು ಆಕೆಯ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ಅದನ್ನು ಗಂಡನ ಹತ್ತಿರ ಬಾಯಿಬಿಟ್ಟು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅಡಿವೆಪ್ಪನ ಅನುಮಾನಕ್ಕೆ ಬೇರು ಇತ್ತು. ಹರೆಯದಲ್ಲಿ ಬೆಂಗಳೂರಿನಲ್ಲಿ ಟೂರಿಸ್ಟ್ ಗಾಡಿ ಓಡಿಸಿದವನು ಅವನು. ‘ಅಣ್ಣಾ, ಸ್ವಲ್ಪ ಬೇಗ.’ ‘ಅಣ್ಣಾ, ಎ.ಸಿ. ಹಾಕಿ.’ ಹೋಟೆಲ್ ಬಂದ ಕೂಡಲೇ, ‘ಅಣ್ಣಾ, ನೀವು ಆ ಕಡೆ ಊಟ ಮಾಡ್ಕೊಳ್ಳಿ.’ ಆ ಕಡೆ ಅಂದರೆ ಕೈತೊಳೆಯುವ ತೊಟ್ಟಿಯ ಪಕ್ಕ. ಬಾಯಲ್ಲಿ ಅಣ್ಣ, ಮೇಜಿನಿಂದ ದೂರ. ವಿಮಾನ ಹತ್ತಿದರೆ ಯಜಮಾನಿಕೆ ಇಳಿದುಹೋಗುತ್ತದೆ ಅಂದುಕೊಂಡವರು ಮೂರ್ಖರು. ಅದು ಕೈಚೀಲದಲ್ಲೇ ಬರುತ್ತದೆ. ಯಾವ ವಿಮಾನ ನಿಲ್ದಾಣದ ಯಂತ್ರವೂ ಅದನ್ನು ಹಿಡಿಯುವುದಿಲ್ಲ.

ಭಾನುವಾರ ಕೃಷ್ಣಪ್ರಸಾದರ ಮನೆಯಲ್ಲಿ ಸಭೆ. ಟಿ.ವಿ. ಪರದೆಯ ತುಂಬ ನಕ್ಷೆ. ಅವರ ಹೆಂಡತಿ ವೇದವತಿಗೆ ಕೋಲ್ಮಾರಿನ ಕಾಲುವೆ ಪಕ್ಕದ ಬಣ್ಣದ ಮನೆಗಳ ಮುಂದೆ ಫೋಟೋ ಬೇಕಿತ್ತು. ಕೃಷ್ಣಪ್ರಸಾದರ ಆಫೀಸಿನ ಹುಡುಗ ಶಿಶಿರ್‌ಗೆ ರೈನ್ ನದಿ ದಾಟಿದ ಮೇಲಿನ ವೈನ್ ಹಳ್ಳಿಗಳು ಬೇಕಿದ್ದವು. ಬೆಟ್ಟದ ಬುಡದಲ್ಲಿ ಸಾಲಾಗಿ ಹತ್ತಾರು ಊರು, ಊರಿಗೊಂದು ನೆಲಮಾಳಿಗೆ, ಎಲ್ಲ ಕಡೆಯೂ ರುಚಿ ನೋಡಬಹುದು. ಅಡಿವೆಪ್ಪ ಚಹಾ ಕುಡಿಯುತ್ತ ಒಬ್ಬೊಬ್ಬರ ಮುಖವನ್ನೂ ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುವಂತೆ ನೋಡುತ್ತಿದ್ದ.

“ಅಣ್ಣಾ, ಅಲ್ಲಿ ರೋಡಿನ ಬಲಗಡೆ ಓಡಿಸಬೇಕು. ನಿಮಗೆ ಓಕೆ ತಾನೆ?” ಶಿಶಿರ್ ಕೇಳಿಯೇಬಿಟ್ಟ. “ನಾವು ಇಳಿಯೋ ಬೇಸಲ್ ಏರ್‌ಪೋರ್ಟಲ್ಲೇ ದೊಡ್ಡ ವ್ಯಾನ್ ಸಿಗುತ್ತೆ.”

ಸಿಕ್ಕಿತಲ್ಲ ಗುಟ್ಟು!

“ನಾ ಹೆಂಗ ಹೊಡೀಲಿ?” ಅಡಿವೆಪ್ಪ ಕಪ್ಪು ಕೆಳಗಿಟ್ಟ. “ನಾನೂ ವೈನ್ ಕುಡಿಯಾಂವ.”

ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನು. ಸುಶೀಲಾಬಾಯಿ ಗಾಬರಿಯಿಂದ ಅವನತ್ತ ನೋಡಿದಳು.

“ತಮಾಷೆ ಮಾಡ್ಬೇಡಿ ಅಣ್ಣ,” ಕೃಷ್ಣಪ್ರಸಾದರ ನಗು ಅರ್ಧಕ್ಕೇ ನಿಂತಿತು. “ನೀವು ಕುಡಿಯಲ್ಲ ಅಂತಾನೇ...”

“ಅಂತಾನೇ?”

ಕೃಷ್ಣಪ್ರಸಾದರು ರಿಮೋಟ್ ಎತ್ತಿಕೊಂಡು ನಕ್ಷೆಯನ್ನು ಇನ್ನಷ್ಟು ದೊಡ್ಡದು ಮಾಡಿದರು.

“ನಮ್ಮ ವಿಜಯಪುರದಾಗ ದ್ರಾಕ್ಷಿ ಏನು ಕಡಿಮಿ ಅದಾವೇನ್ರಿ ಸರ? ಆ ಫ್ರಾನ್ಸಿನವರು ಅದಕ್ಕ ಏನ್ ಮಾಡ್ಯಾರ, ನಾನೂ ನೋಡತೀನಿ.”

ತನ್ನ ಗುಮಾನಿ ನಿಜವಾಯಿತೆಂಬ ಖುಷಿ ಅವನ ಮುಖದಲ್ಲಿ ಉಕ್ಕುತ್ತಿತ್ತು. ಗೆದ್ದವನಿಗೆ ಉದಾರತೆ ಸಲೀಸು. ಬಿಗಿಯಾದ ಕೋಣೆಯನ್ನು ಸಡಿಲಿಸಲೆಂದು ಅವನೇ ಮುಂದುವರಿಸಿದ: “ಡ್ರೈವಿಂಗ್ ಪಾಳಿ ಮ್ಯಾಲ ಮಾಡೂಣು. ಊಟದ ಚಿಂತಿ ಬಿಡ್ರಿ. ಅಡಿಗಿಮನಿ ಇರೂ ಮನಿ ಹಿಡೀರಿ, ನಮ್ಮಾಕಿ ದಿನಾ ರೊಟ್ಟಿ ಬಡೀತಾಳ.”

ವೇದವತಿಯ ಮುಖ ಅರಳಿತು. “ಹೌದು ಸುಶೀಲಕ್ಕ! ಅಲ್ಲಿ ವೆಜ್ ಸಿಗೋದೇ ಕಷ್ಟ. ನಿಮ್ಮ ಕೈರುಚಿ ಇದ್ರೆ ಇನ್ನೇನು ಬೇಕು!”

“ಯಾರ ಕೇಳಿದ್ರಿ ನನ್ನ?”

ಸುಶೀಲಾಬಾಯಿಯ ದನಿ ದೊಡ್ಡದಿರಲಿಲ್ಲ. ಆದರೆ ನೋಟ ವೇದವತಿಯ ಮೇಲಲ್ಲ, ಗಂಡನ ಮೇಲಿತ್ತು.

“ನಿಮಗ ಅಣ್ಣ ಅಂದದ್ದು ಚುಚ್ಚತು. ಈಗ ನನಗ ಅಕ್ಕ ಅಂದ್ರಲ್ಲ, ಅದು ಕೇಳಸಲಿಲ್ಲೇನು? ವಾರಪೂರ್ತಿ ಶಾಲ್ಯಾಗ ಮಂದಿ ಮಕ್ಕಳಿಗಿ ಬೇಯಿಸ್ತೀನಿ. ಅಲ್ಲಿ ಹೋಗಿನೂ ಒಲಿ ಮುಂದ ನಿಲ್ಲೂದಾದ್ರ, ಕೋಲ್ಮಾರ್ ಯಾಕ್ರಿ? ಕ್ರೋಯ್ಡನ್ನ ಸಾಕು.”

ಅಡಿವೆಪ್ಪ ಕೆಳಗಿಟ್ಟ ಕಪ್ಪನ್ನು ಮತ್ತೆ ಎತ್ತಿಕೊಂಡ. ಬಿಟ್ಟಿ ಚಾಕರಿಗೆ ಒಲ್ಲೆ ಅಂದ ಉಸಿರಿನಲ್ಲೇ ಹೆಂಡತಿಯ ಚಾಕರಿಯನ್ನು ಧಾರೆ ಎರೆದಿದ್ದ. ಅದು ಅವನಿಗೆ ಹೊಳೆದಿರಲೇ ಇಲ್ಲ. ತುಳಿಸಿಕೊಂಡವನ ಸಿಟ್ಟು ಎಷ್ಟೋ ಸಲ ಅವನ ಮನೆಯ ಹೊಸ್ತಿಲವರೆಗೆ ಮಾತ್ರ.

“ವಾಟ್ಸ್ಯಾಪ್ ಗ್ರೂಪಲ್ಲಿ ಡಿಸ್ಕಸ್ ಮಾಡೋಣ,” ಎಂದರು ಕೃಷ್ಣಪ್ರಸಾದ. ಟಿ.ವಿ. ಆರಿತು.

ಗ್ರೂಪಿನಲ್ಲಿ ಆಮೇಲೆ ಸದ್ದೇ ಇಲ್ಲ. “ನಮ್ಮನ್ನ ಬಿಟ್ಟು ಬ್ಯಾರೆ ಗ್ರೂಪ್ ಮಾಡ್ಯಾರ,” ಎಂದು ಅಡಿವೆಪ್ಪ ದಿನವೂ ಗೊಣಗಿದ. ಗುಮಾನಿಯಲ್ಲಿ ಕೊಳೆಯುವುದು ಸುಶೀಲಾಬಾಯಿಗೆ ಆಗಲಿಲ್ಲ. ವೇದವತಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಈ ಸಲ ಡೇಟ್ಸ್ ಹೊಂದ್ತಾ ಇಲ್ಲ ಸುಶೀಲಾ ಅವರೇ...” ಅನ್ನುವಷ್ಟರಲ್ಲಿ ಹಿಂದಿನಿಂದ ಕೃಷ್ಣಪ್ರಸಾದರ ದನಿ ಕೇಳಿಸಿತು: “ವೇದಾ, ಶಿಶಿರ್‌ಗೆ ಹೇಳು, ವ್ಯಾನ್ ಬುಕ್ ಮಾಡ್ಲಿ. ಡ್ರೈವಿಂಗ್‌ಗೆ ಜನ ಸಿಕ್ಕಿದ್ರು.”

ಲಂಡನ್ನಿನ ಯಾವ ಮೂಲೆಯಲ್ಲಿ, ಯಾರ ಕಿವಿಯಲ್ಲಿ ‘ಅಣ್ಣಾ’ ಎಂದು ಮೊಳಗಿತ್ತೋ.

ಅಡಿವೆಪ್ಪ ‘ನಾ ಹೇಳಿದ್ನಿಲ್ಲ’ ಅನ್ನಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ. ಬದಲಿಗೆ ಕೇಳಿದ: “ನಿನಗ ಭಾಳ ಆಸೆ ಇತ್ತೇನು?”

“ಇತ್ತು ಅಲ್ಲ, ಐತಿ. ನಾವಿಬ್ಬರ ಹೋಗೂಣು. ಅಡಿಗಿಮನಿ ಇರಲಾರದ ಹೋಟೆಲ್ ಹಿಡೀರಿ.”

“ಗಾಡಿ?”

“ನೀವು ಹೊಡೀತೀರೇನು?”

ಅವನ ಹುಬ್ಬು ಗಂಟಾಯಿತು. “ನೀನೂ ನನ್ನ ಡ್ರೈವರ್ ಮಾಡಿದಿ?”

“ಅವರು ಕೇಳಲಿಲ್ಲ, ನಾ ಕೇಳಾಕತ್ತೀನಿ. ಒಲ್ಲೆ ಅಂದ್ರ ಬಸ್ಸಿಗಿ ಹೋಗೂಣು. ರೈನ್ ನದಿ ಬಸ್ಸಿನ್ಯಾಗಿಂದನೂ ಕಾಣತೈತಿ.”

ಅಡಿವೆಪ್ಪ ಆ ಮಾತಿನಲ್ಲಿ ಏನಾದರೂ ಮರ್ಮವಿದೆಯೇ ಎಂದು ಆಕೆಯ ಮುಖ ಹುಡುಕಿದ. ಸಿಗಲಿಲ್ಲ. ನಂಬಿಕೆ ಸಾಲದೆ ಇನ್ನೊಮ್ಮೆ ಹುಡುಕಿದ.

“ಬಸ್ಸಿಗೇ ಹೋಗೂಣು,” ಎಂದ ಕೊನೆಗೆ. “ಒಮ್ಮೆರ ನಾನೂ ಕಿಟಕಿ ಹೊರಗ ನೋಡತೀನಿ.”