ಹತ್ತನೆಯ ಬೆರಳು

ಸೋಮವಾರದ ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಬ್ಯಾಂಕಿನ ಮುಂಬಾಗಿಲ ಶಟರ್ ಇಳಿದೇ ಇದೆ. ಹಿಂಬಾಗಿಲ ಮೆಟ್ಟಿಲ ಮೇಲೆ ಒಂದು ಜೊತೆ ಸವೆದ ಚಪ್ಪಲಿ. ಒಳಗೆ ಒಂದೇ ದೀಪ ಉರಿಯುತ್ತಿದೆ, ಅದರ ಕೆಳಗೆ ಮಹಿಳೆಯೊಬ್ಬರು ಬರಿಗಾಲಲ್ಲಿ ನಿಂತು ಬಕೆಟ್ಟಿನ ಮೇಲೆ ಬಾಗಿ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಾರೆ. ಫಿನಾಯಿಲ್ ನೀರು ಬೆರಳ ಸಂದಿಯಿಂದ ಇಳಿಯುತ್ತಿದೆ. ಒಂಬತ್ತು ಬೆರಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಿವೆ. ಎಡಗೈಯ ಕಿರುಬೆರಳು ಮಾತ್ರ ನನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ನೆಟ್ಟಗೆ ಹೊರಗೆ ನಿಂತಿದೆ.

ಚಿಕ್ಕವಯಸ್ಸಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಮುರಿದ ಬೆರಳು ಅದು. ಆಮೇಲೆ ಮಡಚಲೇ ಇಲ್ಲ. ಬ್ಯಾಂಕಿನ ಕಾವಲುಗಾರ ಇವರಿಗೆ ‘ಒಂಟಿಕೊಂಬು’ ಅಂತ ಹೆಸರಿಟ್ಟಿದ್ದಾನೆ.

“ಒಂಟಿಕೊಂಬು, ಆ ಮೂಲೆ ಬಿಟ್ಟೆ ನೋಡು,” ಅನ್ನುತ್ತಾನೆ ಕುರ್ಚಿಯಿಂದಲೇ.

“ಮೂಲೇಲಿ ಕೂತಿರೋದೇ ನೀನು. ಕಾಲೆತ್ತಣ್ಣ ಮೊದ್ಲು.”

ಇಂಥವರನ್ನು ‘ಎಲೆಮರೆಯ ಕಾಯಿ’ ಅಂತ ಕರೆದು ಕೈತೊಳೆದುಕೊಳ್ಳುವುದು ನಮಗೆಲ್ಲ ರೂಢಿ. ಇಲ್ಲಿ ಎಲೆ ತಾನಾಗಿ ಬಂದು ಮರೆ ಮಾಡಿದ್ದಲ್ಲ. ಹಿಂಬಾಗಿಲಿಂದ ಬಾ, ಚಪ್ಪಲಿ ಹೊರಗೆ ಬಿಡು, ಗಿರಾಕಿ ಬರುವ ಮೊದಲು ಹೊರಟುಹೋಗು ಎಂಬ ನಿಯಮವಿದೆ. ಆ ನಿಯಮ ಬರೆದವರಿಗೆ ಒಳ್ಳೆಯ ಸಂಬಳವೂ ಇದೆ. ಇವರು ನಮ್ಮವರಲ್ಲ, ಗುತ್ತಿಗೆದಾರನ ಕಡೆಯವರು ಅನ್ನುತ್ತದೆ ಬ್ಯಾಂಕು. ತಾತ್ಕಾಲಿಕ ಕೆಲಸದವರು ಅನ್ನುತ್ತಾನೆ ಗುತ್ತಿಗೆದಾರ. ಹನ್ನೊಂದು ವರ್ಷದಿಂದ ತಾತ್ಕಾಲಿಕ! ದಿನಕ್ಕೆ ಎರಡು ಮಹಡಿ, ಒಂದು ಮೆಟ್ಟಿಲ ಸಾಲು, ನಾಲ್ಕು ಶೌಚಾಲಯ. ಇಲ್ಲಿಂದ ಮುಗಿಸಿ ಒಂದು ದವಾಖಾನೆಯ ನೆಲ, ಅಲ್ಲಿಂದ ಒಂದು ಬಟ್ಟೆ ಅಂಗಡಿಯ ನೆಲ.

ಹನ್ನೊಂದು ವರ್ಷ ಒರೆಸಿದ ಈ ಬ್ಯಾಂಕಿನಲ್ಲಿ ಅವರಿಗೆ ಕಳೆದ ವಾರ ಒಂದು ಕೆಲಸ ಬಿತ್ತು. ಐದು ವರ್ಷದ ಮಗಳ ಹೆಸರಲ್ಲಿ ಉಳಿತಾಯ ಖಾತೆ ತೆರೆಯಬೇಕು. ಅದೂ ಭಾನುವಾರ ಬರುವುದರೊಳಗೆ.

“ನಮ್ಮನೆಯವರು ಒಳ್ಳೆಯವರು. ಅದೇ ತೊಂದರೆ,” ಅಂತ ಬರೆದುಕೊಳ್ಳಲು ಬಂದ ನನ್ನ ಕಡೆ ನೋಡಿ ನಗುತ್ತಾರೆ. ಗಂಡ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿ. “ಅಷ್ಟು ಭಾರ ಎತ್ತೋ ಮನುಷ್ಯಂಗೆ ‘ಇಲ್ಲ’ ಅನ್ನೋ ಎರಡಕ್ಷರ ಎತ್ತಕ್ಕಾಗಲ್ಲ. ಮೈದುನ ಬೈಕ್ ತಗೋಬೇಕಂತೆ, ಭಾನುವಾರ ಬರ್ತೀನಿ ಅಂದ. ಇವರು ಫೋನಲ್ಲಿ ‘ಬಾರೋ, ನೋಡೋಣ’ ಅಂದ್ಬಿಟ್ರು. ಇವರ ಬಾಯಲ್ಲಿ ‘ನೋಡೋಣ’ ಅಂದ್ರೆ ಕೊಟ್ಟಂಗೇ ಲೆಕ್ಕ.”

ಕೊಡಬೇಕಾದ ದುಡ್ಡು ಹಿಟ್ಟಿನ ಡಬ್ಬದ ತಳದಲ್ಲಿತ್ತು. ಮಗಳ ಓದಿಗೆ ಅಂತ ತಾಯಿ ಕೂಡಿಟ್ಟದ್ದು. ಅದು ಹೋದರೆ ಏನು ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ನನ್ನ ಓದಿಗೆ ಅಂತ ನಮ್ಮಪ್ಪನೂ ಪೆಟ್ಟಿಗೇಲಿ ಇಟ್ಟಿದ್ರು. ದೊಡ್ಡಪ್ಪ ಒಂದು ವಾರಕ್ಕೆ ಅಂತ ತಗೊಂಡ್ರು. ಆ ವಾರ ಇನ್ನೂ ಮುಗಿದಿಲ್ಲ.”

ಗುರುವಾರ ಅರ್ಧ ದಿನದ ಕೂಲಿ ಬಿಟ್ಟು ಮಗಳ ಕೈಹಿಡಿದು ಬಂದರು. ಬಂದವರು ಹಿಂಬಾಗಿಲಲ್ಲಿ ನಿಂತರು. ಟೋಕನ್ ಕೊಡುವುದು ಮುಂಬಾಗಿಲಲ್ಲಿ. ಕರೆಯುತ್ತಾರೆ, ಕರೆಯುತ್ತಾರೆ ಅಂತ ಕಾದು ಕಾದು, ಕೌಂಟರ್ ಮುಚ್ಚಿದ ಮೇಲೆ ಮನೆಗೆ ಹೋದರು. ಹನ್ನೊಂದು ವರ್ಷದಿಂದ ತಿಳಿದ ದಾರಿಗೇ ಕಾಲು ಕರೆದುಕೊಂಡು ಹೋಗಿತ್ತು.

ಶುಕ್ರವಾರ ಕೌಂಟರಿನವರೆಗೆ ತಲುಪಿದರು. ಮಗುವಿನ ಖಾತೆಗೆ ಪೋಷಕರ ಬೆರಳಚ್ಚು ಗುರುತಿನ ಚೀಟಿಯ ದಾಖಲೆಗೆ ಹೊಂದಬೇಕು. ಹೆಬ್ಬೆರಳಿಟ್ಟರೆ ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿಕೊಂಡು ಇಟ್ಟರೂ ಕೆಂಪೇ. ಕೌಂಟರಿನ ಮೇಡಂ ಸಮಾಧಾನವಾಗಿಯೇ, “ನಾಳೆ ಚೆನ್ನಾಗಿ ಕೈ ತೊಳ್ಕೊಂಡು ಬನ್ನಿಮ್ಮ,” ಅಂದರು.

ಕೈ ತೊಳೆದುಕೊಂಡು ಬರಬೇಕಂತೆ. ಹನ್ನೊಂದು ವರ್ಷದಿಂದ ಬೆಳಕು ಹರಿಯುವ ಮೊದಲೇ ಆ ಕೈ ನೀರಲ್ಲಿದೆ. ಬೆರಳಿನ ಗೆರೆಗಳೆಲ್ಲ ಎಲ್ಲಿ ಹೋದವು ಅಂತ ಯಂತ್ರಕ್ಕೆ ತಿಳಿಯದಿರಬಹುದು, ಅದು ಕೂತಿರುವ ಮೇಜಿನ ಕೆಳಗಿನ ನೆಲಕ್ಕೆ ತಿಳಿದಿದೆ. ಕೈಗವಸು ಕೊಟ್ಟಿದ್ದೇವೆ ಅಂತ ಗುತ್ತಿಗೆದಾರ ವರ್ಷವರ್ಷವೂ ಹೇಳುತ್ತಾನೆ. ಕೊಟ್ಟದ್ದು ಒಂದೇ ಸಲ, ಅದೂ ಎರಡೂ ಬಲಗೈಯವು!

ಶನಿವಾರ ಕೊನೆಯ ದಿನ. ಕಾವಲುಗಾರ ತಾನೇ ಟೋಕನ್ ತೆಗೆದು ಕೈಗಿಟ್ಟ. “ಇವತ್ತು ನೀನು ಗಿರಾಕಿ ಕಣಮ್ಮ, ಈ ಕಡೆಯಿಂದ ಬಾ.” ಅವರು ಮುಂಬಾಗಿಲಲ್ಲೂ ಚಪ್ಪಲಿ ಬಿಟ್ಟೇ ಒಳಗೆ ಬಂದರು. ಮಗಳಿಗೆ ಆ ಪಾಠ ಯಾರೂ ಹೇಳಿರಲಿಲ್ಲ, ಧೂಳು ಮೆತ್ತಿದ ಚಪ್ಪಲಿ ಹಾಕಿಕೊಂಡೇ ನಡೆದಳು.

ಬಲಗೈಯ ಐದೂ ಬೆರಳು ಕೆಂಪು. ಎಡಗೈಯ ನಾಲ್ಕೂ ಕೆಂಪು. ಹಿಂದಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಂಡು ಕೆಮ್ಮಿದರು.

“ಇನ್ನೊಂದಿದೆಯಲ್ಲಮ್ಮ?” ಅಂದರು ಮೇಡಂ.

ಆ ಇನ್ನೊಂದು ಮಗಳ ಮುಷ್ಟಿಯಲ್ಲಿತ್ತು. ನಡೆಯುವಾಗ ಅವಳು ಹಿಡಿಯುವುದು ಆ ನೆಟ್ಟಗಿನ ಬೆರಳನ್ನೇ.

“ಬಿಡು ಪುಟ್ಟಿ.”

“ಇದು ನಂದು.”

“ನಿಂದೇ ಕಣೆ. ಒಂದು ನಿಮಿಷ ಕೊಡು, ವಾಪಸ್ ಕೊಡ್ತೀನಿ.”

ಮುಷ್ಟಿ ಬಿಚ್ಚಿತು. ಬಟ್ಟೆಯನ್ನಾಗಲಿ ಬಕೆಟ್ಟನ್ನಾಗಲಿ ಒಂದು ದಿನವೂ ಹಿಡಿಯದ ಬೆರಳು. ಅದರ ಗೆರೆಗಳು ಹೊಸದಾಗಿ ಗೀರಿದಂತಿದ್ದವು. ಯಂತ್ರ ಹಸಿರಾಯಿತು.

“ಇನ್ಮೇಲೆ ಈ ಬೆರಳಿಟ್ರೆ ಮಾತ್ರ ದುಡ್ಡು ಹೊರಗೆ ಬರೋದು,” ಅಂದರು ಮೇಡಂ, ಪಾಸ್‌ಬುಕ್ ಕೊಡುತ್ತಾ.

“ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ್ಬಿಟ್ಟೆ,” ಅನ್ನುತ್ತಾರೆ ಇವರು. “ಪಕ್ಕದಲ್ಲಿ ಮಗಳು ಬಿಸ್ಕತ್ತು ಬೇಕು ಅಂತಿದ್ಲು. ಕೊಡಿಸಿದೆ.”

ಭಾನುವಾರ ಮೈದುನ ಬಂದ. ಗಂಡ ಬಾಯ್ತುಂಬ ಹೇಳಿದರು: “ದುಡ್ಡು ಮಗಳ ಹೆಸರಲ್ಲಿದೆ ಕಣೋ, ನನ್ನ ಕೈಯಲ್ಲಿಲ್ಲ.” ‘ಇಲ್ಲ’ ಅನ್ನದೆಯೇ ‘ಇಲ್ಲ’ ಅಂದದ್ದಕ್ಕೆ ಆ ದಿನ ಎರಡು ಸಲ ಬಡಿಸಿಕೊಂಡು ಉಂಡರಂತೆ. ಮೈದುನ ಸೋತ ಮುಖದಲ್ಲೇ ನಗು ತಂದುಕೊಂಡು ಮಗುವಿನ ಕಡೆ ತಿರುಗಿದ. “ಚಿಕ್ಕಪ್ಪಂಗೆ ಕೊಡಲ್ವಾ ಪುಟ್ಟಿ?”

“ಬೆರಳು ಕೊಡಕ್ಕಾಗಲ್ಲ ಚಿಕ್ಕಪ್ಪ. ರಸ್ತೆ ದಾಟಕ್ಕೆ ಬೇಕು.”

ಈಗ ಇಡೀ ಮಹಡಿ ಒರೆಸಿಯಾಗಿದೆ. ಕೌಂಟರಿನ ಮುಂದೆ ಒಂದು ತುಂಡು ನೆಲ ಬಾಕಿ. ಅಲ್ಲಿ ಶನಿವಾರದ ಧೂಳಿನಲ್ಲಿ ಪುಟ್ಟ ಚಪ್ಪಲಿಯ ಗುರುತುಗಳಿವೆ. ಬೇರೆಯವರ ಹೆಜ್ಜೆ ಕಂಡರೆ ಗೊಣಗುತ್ತಿದ್ದವರು ಇಲ್ಲಿ ಬಟ್ಟೆ ಇಳಿಸದೆ ನಿಂತಿದ್ದಾರೆ.

ನಿಮ್ಮ ಬಗ್ಗೆ ಏನು ಬರೆಯಲಿ ಅಂತ ಕೇಳುತ್ತೇನೆ.

“ನನ್ನ ಬಗ್ಗೆ ಬೇಡ. ಗ್ಲೌಸ್ ಕೊಡಿ ಅಂತ ಬರೀರಿ, ಒಂದು ಎಡಗೈದು, ಒಂದು ಬಲಗೈದು,” ಅನ್ನುತ್ತಾ ಬಟ್ಟೆ ಹಿಂಡುತ್ತಾರೆ. ಕಿರುಬೆರಳು ಎಂದಿನಂತೆ ಹೊರಗೇ ಇದೆ. “ಒಂಬತ್ತು ಬೆರಳು ಬ್ಯಾಂಕಿನವರಿಗೆ ಕೊಟ್ಟಾಯ್ತು. ಇದೊಂದು ನನ್ನ ಮಗಳದ್ದು.”