ಬಾಯಿಗೆ ಹತ್ತಿದ ತಪ್ಪು

ಗೆಳೆಯರೇ, ಇವತ್ತು ನಾನು ಸೋತೆ.

ಹಾಲಹರವಿಯಲ್ಲಿ ನಮ್ಮ ಓಣಿಗೆಲ್ಲ ಸೇರಿ ಹತ್ತಿಗೆ ಔಷಧ ಹೊಡೆಯುವ ಪಂಪು ಇರುವುದು ಒಂದೇ. ಅದರ ಜೊತೆ ಬಂದ ಬಳಕೆಯ ಚೀಟಿಯಲ್ಲಿ ಹೀಗೆ ಅಚ್ಚಾಗಿದೆ: 'ಮುಚ್ಚಳ ತೆಗೆಯಿರಿ, ಆಮೇಲೆ ಗಾಳಿ ಬಿಡಿರಿ.' ಗಾಳಿ ತುಂಬಿರುವಾಗ ಮುಚ್ಚಳ ತೆಗೆದರೆ ಔಷಧ ಮೈಮೇಲೆ ಚಿಮ್ಮುತ್ತದೆ. ನಿನ್ನೆ ನಮ್ಮ ಓಣಿಯ ಈರಣ್ಣನ ಕಣ್ಣಿಗೇ ಚಿಮ್ಮಿತು. ಬೆಳಿಗ್ಗೆ ನಾನು ಆ ಸಾಲು ಹೊಡೆದುಹಾಕಿ, ಮೊದಲು ಗಾಳಿ, ಆಮೇಲೆ ಮುಚ್ಚಳ ಎಂದು ಶಾಯಿಯಲ್ಲಿ ಬರೆದೆ.

ಈರಣ್ಣ ಕೆಂಪು ಕಣ್ಣಿನಲ್ಲೇ ನಕ್ಕ. "ಚೀಟಿ ಯಾರು ನೋಡ್ತಾರ್ರಿ ಮೇಷ್ಟ್ರೇ? ನಮಗ ಓದಾಕ ಎಲ್ಲಿ ಬರ್ತೈತಿ? ಆಚಾರ್ರು ಹಾಡು ಕಟ್ಟಿ ಕಲಿಸ್ಯಾರ."

ನಿಜ. ನಿವೃತ್ತ ಗುಮಾಸ್ತರಾದ ಆಚಾರ್ರು ಆ ಚೀಟಿಯನ್ನೇ ರಾಗವಾಗಿ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದಾರೆ. ಹೆಂಗಸರು ಕಳೆ ತೆಗೆಯುವಾಗಲೂ ಅದನ್ನೇ ಹಾಡುತ್ತಾರೆ. ಹಾಡನ್ನೂ ತಿದ್ದಿಸಲು ಆಚಾರ್ರ ಮನೆಗೆ ಓಡಿದೆ.

"ತಪ್ಪು ಖರೇನ ಅದ," ಎಂದು ಒಪ್ಪಿಕೊಂಡರು. "ಆದ್ರ ತಿರುವಿ ಹಾಕಿದ್ರ ತಾಳ ಕೆಡ್ತದಪ್ಪಾ. ಪರವಾಲೇದು, ಇರ್ಲಿ ಬಿಡು, ಹಾಡೂದು ಹಾಡ್ಲಿ, ಮಾಡೂವಾಗ ಹುಷಾರಿರ್ಲಿ."

ಮಧ್ಯಾಹ್ನ ನನ್ನ ಹೊಲದಲ್ಲಿ ಪಂಪು ಹಿಡಿದೆ. ತಿದ್ದಿದ ಚೀಟಿ ಅಂಗಿಯ ಜೇಬಿನಲ್ಲೇ ಇತ್ತು. ಬಾಯಿ ತಾನಾಗಿ ಹಾಡತೊಡಗಿತು, ಕೈ ಹಾಡಿನ ಹಿಂದೆಯೇ ಹೋಯಿತು. ಮುಚ್ಚಳ ತೆಗೆದೆ.

ಕಣ್ಣು ಉಳಿಯಿತು, ಎದೆಯೆಲ್ಲ ತೊಯ್ದಿತು. ಈಗ ಚೀಟಿಯನ್ನು ಬಿಸಿಲಿಗೆ ಹಾಕಿ ನೋಡುತ್ತಾ ಕೂತಿದ್ದೇನೆ. ನಾನು ತಿದ್ದಿದ್ದೆಲ್ಲ ಕರಗಿ ಹರಿದುಹೋಗಿದೆ. ಅಚ್ಚಾದ ತಪ್ಪು ಮಾತ್ರ ಒಂದಕ್ಷರವೂ ಅಲುಗಿಲ್ಲ.